ಕಪ್ ಗೆದ್ದ ತಂಡವೇ ಅದೇ ಋತುವಿನಲ್ಲಿ ಲೀಗ್‌ನಿಂದ ಹೊರಬೀಳಲು ಸಾಧ್ಯವೇ?

ಸಾಧ್ಯ. 2012–13ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ತಂಡ ವಿಗನ್ ಅಥ್ಲೆಟಿಕ್‌ಗೆ ಹಾಗೇ ಆಯಿತು. ಅವರು ಗೆದ್ದ ಎಫ್‌ಎ ಕಪ್ ನಾಕೌಟ್ ಸ್ಪರ್ಧೆ. ಲೀಗ್‌ನ ಅಂಕಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ತುಮಕೂರಿನ ಭಾನುವಾರದ ಟೂರ್ನಿಗಳನ್ನು ನೋಡಿದವರಿಗೆ ನಾಕೌಟ್ ಎಂದರೇನೆಂದು ಹೇಳಬೇಕಿಲ್ಲ: ಸೋತವರು ಮಧ್ಯಾಹ್ನದೊಳಗೆ ಗುಬ್ಬಿಯ ಬಸ್ ಹತ್ತಿರುತ್ತಾರೆ.

2013ರ ಮೇ 11ರ ಫೈನಲ್‌ನಲ್ಲಿ ಎದುರಾಳಿ, ಹಣಕ್ಕೆ ಬರವಿಲ್ಲದ ಮ್ಯಾಂಚೆಸ್ಟರ್ ಸಿಟಿ. ಕೆಂಪು ಕಾರ್ಡ್ ಪಡೆದು ಝಬಲೆಟಾ ಹೊರನಡೆದ ಮೇಲೆ ಸಿಟಿಗೆ ಉಳಿದವರು ಹತ್ತೇ ಮಂದಿ. 91ನೇ ನಿಮಿಷದಲ್ಲಿ ವಿಗನ್‌ನ ಮಲೋನಿ ಒದ್ದ ಕಾರ್ನರ್‌ಗೆ ಬದಲಿ ಆಟಗಾರ ಬೆನ್ ವಾಟ್ಸನ್ ಹಾರಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು, 1–0.

ಮೂರೇ ದಿನಗಳಲ್ಲಿ ಆರ್ಸೆನಲ್ ಎದುರು 1–4ರಿಂದ ಸೋತು, ಮೊದಲ ದರ್ಜೆಯ ಪ್ರೀಮಿಯರ್ ಲೀಗ್‌ನಿಂದ ಹೊರಬಿದ್ದು ಕೆಳಗಿನ ದರ್ಜೆಗೆ ಇಳಿದರು. ಆದರೂ ಕಪ್ಪಿನ ಪುಣ್ಯದಿಂದ, ಎರಡನೇ ದರ್ಜೆಯ ಲೀಗ್‌ನಲ್ಲಿದ್ದುಕೊಂಡೇ ಯೂರೋಪಿನ ಹಲವು ದೇಶಗಳ ಕ್ಲಬ್‌ಗಳು ಸೆಣಸುವ ಯೂರೋಪಾ ಲೀಗ್ ಆಡಿದರು!