ಕಿಲುಬು ಬಿಡುವಷ್ಟೇ ಹೊತ್ತು

ಪ್ರಶ್ನೆ: ನಾವು ಮೂವರು ಗೆಳೆಯರು ವರ್ಷಕ್ಕೊಮ್ಮೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುತ್ತೇವೆ. ಕಳೆದ ಸಲ ನನ್ನ ರೆಗ್ಯುಲೇಟರನ್ನು (ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಉಸಿರಾಟಕ್ಕೆ ಕೊಡುವ ಸಾಧನ) ಸರಿಯಾಗಿ ತೊಳೆಯದೆ ಚೀಲದಲ್ಲಿಟ್ಟಿದ್ದರಿಂದ ಒಳಗೆಲ್ಲ ಹಸಿರು ಕಿಲುಬು ಕಟ್ಟಿತ್ತು. ಪರಿಚಯದ ಅಕ್ಕಸಾಲಿಗರಿಂದ ಎರಡು ಲೀಟರಿನ ಅಲ್ಟ್ರಾಸಾನಿಕ್ ಕ್ಲೀನರ್ ತಂದು, ಬಿಚ್ಚಿದ ಫಸ್ಟ್ ಸ್ಟೇಜನ್ನು, ಅಂದರೆ ರೆಗ್ಯುಲೇಟರಿನಲ್ಲಿ ಸಿಲಿಂಡರಿಗೆ ಕೂರುವ ಭಾಗವನ್ನು, ಬರೀ ವಿನೆಗರಿನಲ್ಲಿ ಮುಕ್ಕಾಲು ಗಂಟೆ ಇಟ್ಟೆ. ಕಿಲುಬೇನೋ ಹೋಯಿತು, ಆದರೆ ಹಿತ್ತಾಳೆ ಅಲ್ಲಲ್ಲಿ ಕೆಂಪಾಗಿದೆ, ಅಂಚಿನ ಕ್ರೋಮ್ ಸಿಪ್ಪೆಯಂತೆ ಎದ್ದಿದೆ. ತಪ್ಪು ಯಂತ್ರದ್ದೋ, ನನ್ನದೋ?
— ಓದುಗರೊಬ್ಬರು, ವಿಜಯಪುರ

ಉತ್ತರ: ಬೇಸರಿಸಬೇಡಿ, ತಪ್ಪು ನಿಮ್ಮದೇ. ಹಿತ್ತಾಳೆಯ ಕೊಡಕ್ಕೆ ಹುಣಸೆಹಣ್ಣು ಬಳಿದು ಮರೆತುಬಿಟ್ಟರೆ ಮೈ ಕೆಂಪಡರುವುದನ್ನು ನೀವು ಮನೆಯಲ್ಲಿ ನೋಡಿರಬಹುದು. ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಣ. ಹುಳಿಯು ಸತುವನ್ನು ಮೊದಲು ಎಳೆದುಕೊಂಡು ತಾಮ್ರವನ್ನು ಮೇಲೆ ಉಳಿಸುತ್ತದೆ. ಯಂತ್ರದೊಳಗೆ ಇದೇ ಕ್ರಿಯೆ ಬಹಳ ಚುರುಕಾಗುತ್ತದೆ. ತೊಟ್ಟಿಯ ತಳಕ್ಕೆ ಅಂಟಿಸಿದ ಬಿಲ್ಲೆಗಳು ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸಿ, ದ್ರವದಲ್ಲಿ ಕಣ್ಣಿಗೆ ಕಾಣದ ಗುಳ್ಳೆಗಳನ್ನು ಹುಟ್ಟಿಸಿ ಒಡೆಯುತ್ತವೆ. ಒಡೆಯುವ ಆ ಗುಳ್ಳೆಗಳೇ ಬ್ರಷ್ ಹೋಗದ ಸಣ್ಣ ರಂಧ್ರದೊಳಗೂ ಉಜ್ಜುತ್ತವೆ. ಕ್ರೋಮ್ ಮೊದಲೇ ಎಲ್ಲಾದರೂ ಬಿಟ್ಟಿದ್ದರೆ ಅದರಡಿಗೂ ಅವು ನುಗ್ಗುತ್ತವೆ.

ಇನ್ನು ಮುಂದೆ ಓ-ರಿಂಗ್, ಡಯಾಫ್ರಮ್, ಸೀಟ್ ಮುಂತಾದ ರಬ್ಬರು, ಪ್ಲಾಸ್ಟಿಕ್ ಭಾಗಗಳನ್ನೂ ಬಣ್ಣ ಕಟ್ಟಿದ ಅಲ್ಯೂಮಿನಿಯಮ್ ಭಾಗಗಳನ್ನೂ ಹುಳಿನೀರಿನಿಂದ ಹೊರಗೇ ಇಡಿ. ಉಳಿದ ಲೋಹದ ಭಾಗಗಳನ್ನು ಮೊದಲು ಪಾತ್ರೆ ತೊಳೆಯುವ ಸೋಪು ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಕೆಲವು ನಿಮಿಷ ನಡೆಸಬೇಕು. ಹಳೆಯ ಗ್ರೀಸ್ ಅಂಟಿಕೊಂಡಿದ್ದರೆ ಹುಳಿ ಕಿಲುಬನ್ನು ಮುಟ್ಟುವುದೇ ಇಲ್ಲ, ಮುಟ್ಟಲಿಲ್ಲವೆಂದು ನಾವು ಹೊತ್ತು ಹೆಚ್ಚಿಸುತ್ತೇವೆ, ಅನಾಹುತ ಶುರುವಾಗುವುದು ಅಲ್ಲಿಂದಲೇ. ಆಮೇಲೆ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಭಾಗಗಳನ್ನು ಹಾಕುವ ಮುಂಚೆ ಐದಾರು ನಿಮಿಷ ಯಂತ್ರವನ್ನು ಹಾಗೆಯೇ ಓಡಿಸಿ, ಏಕೆಂದರೆ ಹೊಸ ದ್ರವದಲ್ಲಿ ಕರಗಿರುವ ಗಾಳಿ ಗುಳ್ಳೆಗಳ ಪೆಟ್ಟನ್ನು ಮೆತ್ತಗೆ ಮಾಡುತ್ತದೆ. ಭಾಗಗಳು ಬುಟ್ಟಿಯಲ್ಲಿರಲಿ, ತಳಕ್ಕೆ ತಾಗದಿರಲಿ. ಎರಡು ಮೂರು ನಿಮಿಷಕ್ಕೊಮ್ಮೆ ಎತ್ತಿ ನೋಡಿ. ಹಸಿರು ಹೋದ ಕೂಡಲೇ ಮುಗಿಸಿ, ಹೊಳಪಿಗಾಗಿ ಕಾಯಬೇಡಿ.

ಯಂತ್ರದ ಬಗ್ಗೆ ಅನುಮಾನವಿದ್ದರೆ, ಬರೀ ನೀರು ತುಂಬಿ ಅಡುಗೆಮನೆಯ ಅಲ್ಯೂಮಿನಿಯಮ್ ಹಾಳೆಯ ಒಂದು ತುಂಡನ್ನು ಒಂದು ನಿಮಿಷ ಇಳಿಬಿಡಿ. ಹಾಳೆಯ ತುಂಬ ಸೂಜಿ ಚುಚ್ಚಿದಂತೆ ತೂತುಗಳು ಬಿದ್ದರೆ ಯಂತ್ರ ಚೆನ್ನಾಗಿದೆ. ಆಗ ತೊಟ್ಟಿಯೊಳಗೆ ಕೈಬೆರಳು ಅದ್ದಬಾರದು ಎಂಬುದಕ್ಕೂ ಬೇರೆ ವಿವರಣೆ ಬೇಕಾಗುವುದಿಲ್ಲ.

ತೆಗೆದ ಭಾಗಗಳನ್ನು ಅಡುಗೆಸೋಡ ಕಲಸಿದ ನೀರಿನಲ್ಲಿ ಅದ್ದಿ ಹುಳಿಯನ್ನು ಕಳೆಯಬೇಕು. ನಮ್ಮ ಕಡೆಯ ಬೋರಿನ ಸವಳು ನೀರು ಒಣಗಿದಲ್ಲೆಲ್ಲ ಬಿಳಿ ಕಲೆ ಬಿಡುವುದರಿಂದ, ಕೊನೆಯ ತೊಳೆತಕ್ಕೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಳಸಿ.

ನಿಮ್ಮ ಫಸ್ಟ್ ಸ್ಟೇಜನ್ನು ಮಾತ್ರ ಈಗಿನ ಸ್ಥಿತಿಯಲ್ಲಿ ನೀರಿಗಿಳಿಸಬೇಡಿ. ಸಿಲಿಂಡರಿನ 200 ಬಾರ್ ಒತ್ತಡವನ್ನು ತಡೆಯುವುದು ಒಂದು ತೆಳ್ಳನೆಯ ಲೋಹದ ಅಂಚು ಮತ್ತು ಅದರ ಮೇಲೆ ಕೂರುವ ಸೀಟ್. ಆ ಅಂಚು ಹುಳಿಗೆ ಸವೆದಿದ್ದರೂ, ಕ್ರೋಮಿನ ಚೂರೊಂದು ಸೀಟಿನಡಿ ಸಿಕ್ಕಿದರೂ ಗಾಳಿ ಸೋರುತ್ತದೆ. ತರಬೇತಿ ಪಡೆದ ತಂತ್ರಜ್ಞರಿಗೆ ತೋರಿಸಿ, ಅವರೇ ಹೊಸ ಓ-ರಿಂಗ್ ಹಾಕಿ ಜೋಡಿಸಿ ಒತ್ತಡ ಅಳೆಯಲಿ. ಮುಂದಿನ ಸಲ ಮುರುಡೇಶ್ವರದಲ್ಲೇ, ಉಪ್ಪು ಒಣಗುವ ಮುಂಚೆ, ಫಸ್ಟ್ ಸ್ಟೇಜಿನ ಗಾಳಿ ಬರುವ ಬಾಯಿಗೆ ಮುಚ್ಚಳ ಬಿಗಿದು ರೆಗ್ಯುಲೇಟರನ್ನು ಸಿಹಿನೀರಿನಲ್ಲಿ ನೆನೆಸಿಡಿ. ನೆನೆಯುವಾಗ ಬಾಯಿಗಿಡುವ ಭಾಗದ ಮೇಲಿನ ಪರ್ಜ್ ಬಟನ್ ಒತ್ತಬೇಡಿ, ಒತ್ತಿದರೆ ನೀರು ಒಳಗೆ ಹೋಗುತ್ತದೆ.