ಕೊಳ್ಳುವವರ ಬಾಯಲ್ಲಿ ಅದರ ಹೆಸರೇನು?

ಪ್ರಶ್ನೆ: ಬಿ.ಕಾಂ. ಮುಗಿಸಿ ಹುಬ್ಬಳ್ಳಿಯ ಒಂದು ಸಣ್ಣ ಮಸಾಲೆ ಪುಡಿ ಕಂಪನಿಯಲ್ಲಿ ಮಾರ್ಕೆಟಿಂಗ್ ಇಂಟರ್ನ್ ಆಗಿ ಸೇರಿದ್ದೇನೆ. ಬ್ಯಾಡಗಿ ಮೆಣಸಿನ ಪುಡಿಯೇ ನಮ್ಮ ಮುಖ್ಯ ಮಾಲು. ವರ್ಡ್‌ಪ್ರೆಸ್‌ನಲ್ಲಿ ಮಾಡಿದ ವೆಬ್‌ಸೈಟ್ ಇದೆ, ಆದರೆ ಆರ್ಡರ್ ಎಲ್ಲ ಫೋನಿನಲ್ಲೇ ಬರುತ್ತದೆ. ಮೂರು ತಿಂಗಳಲ್ಲಿ ಸೈಟನ್ನು ಗೂಗಲ್‌ನ ಮೊದಲ ಪುಟಕ್ಕೆ ತರಬೇಕು ಎಂದಿದ್ದಾರೆ ಮಾಲೀಕರು. ಎಸ್‌ಇಒ, ಅಂದರೆ ಸೈಟನ್ನು ಗೂಗಲ್ ಹುಡುಕಾಟದಲ್ಲಿ ಮೇಲೆ ತರುವ ಕೆಲಸ, ಕಲಿಸುವವರು ಇಲ್ಲಿ ಯಾರೂ ಇಲ್ಲ. ದುಡ್ಡು ಕೊಟ್ಟರೆ ಬೇರೆ ಸೈಟ್‌ಗಳಿಂದ ನಿಮ್ಮ ಸೈಟಿಗೆ ಐನೂರು ಬ್ಯಾಕ್‌ಲಿಂಕ್ ಹಾಕಿಸುತ್ತೇವೆ ಎಂದು ಒಬ್ಬರು ಪದೇ ಪದೇ ಫೋನ್ ಮಾಡುತ್ತಿದ್ದಾರೆ. ಕೋರ್ಸ್ ಸೇರಲೇ? ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ಆ ಫೋನಿನವರಿಗೆ ಬೇಡ ಎಂದುಬಿಡಿ. ದುಡ್ಡು ಕೊಟ್ಟು ಲಿಂಕ್ ಹಾಕಿಸಿಕೊಂಡು ಮೇಲೇರುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. 2012ರಲ್ಲಿ ಗೂಗಲ್ ತನ್ನ ಹುಡುಕಾಟದ ವಿಧಾನದಲ್ಲಿ ತಂದ 'ಪೆಂಗ್ವಿನ್' ಎಂಬ ಬದಲಾವಣೆ ಇಂಥ ಲಿಂಕ್‌ಗಳನ್ನು ನಂಬಿಕೊಂಡಿದ್ದ ಎಷ್ಟೋ ಸೈಟ್‌ಗಳನ್ನು ಕೆಳಗಿಳಿಸಿತು. ಹೆಸರು ಕೆಟ್ಟರೆ ಅದು ನಿಮ್ಮ ಮಾಲೀಕರ ಅಂಗಡಿಯದು, ಫೋನ್ ಮಾಡಿದವರದ್ದಲ್ಲ.

ಕೋರ್ಸ್ ಈಗಲೇ ಬೇಡ. ಗೂಗಲ್ ತಾನೇ ಬರೆದಿಟ್ಟಿರುವ ಎಸ್‌ಇಒ ಸ್ಟಾರ್ಟರ್ ಗೈಡ್ ಉಚಿತವಾಗಿ ಸಿಗುತ್ತದೆ, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಅದರಲ್ಲಿರುವ ಬುನಾದಿ ಇಷ್ಟು: ಗೂಗಲ್‌ನ ಬಾಟ್ ಲಿಂಕಿನಿಂದ ಲಿಂಕಿಗೆ ಹೋಗಿ ಪುಟಗಳನ್ನು ನೋಡಿಕೊಂಡು ಬರುತ್ತದೆ, ಅದು ಕ್ರಾಲ್. ನೋಡಿದ್ದನ್ನು ಅರ್ಥ ಮಾಡಿಕೊಂಡು ತನ್ನ ದಾಸ್ತಾನಿಗೆ ಸೇರಿಸುತ್ತದೆ, ಅದು ಇಂಡೆಕ್ಸ್. ಯಾರಾದರೂ ಹುಡುಕಿದಾಗ ಆ ದಾಸ್ತಾನಿನಿಂದ ತೆಗೆದು ಯಾವುದು ಮೇಲೆ, ಯಾವುದು ಕೆಳಗೆ ಎಂದು ಜೋಡಿಸುತ್ತದೆ. ಮೇಲೆ ಬರುವ ಮಾತು ಆಮೇಲಿನದು. ನಿಮ್ಮ ಪುಟ ದಾಸ್ತಾನಿನಲ್ಲಿ ಇದೆಯೇ ಎಂಬುದನ್ನು ಮೊದಲು ನೋಡಬೇಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಸಣ್ಣ ಸಂಸ್ಥೆಗಾಗಿ ಆರು ವಾರ ಕೂತು ಲೇಖನ ಬರೆದೆ. ಗೂಗಲ್‌ನಲ್ಲಿ ಒಂದೂ ಕಾಣಲಿಲ್ಲ. ಕೊನೆಗೆ ನೋಡಿದರೆ, ಸೈಟ್ ಕಟ್ಟುವಾಗ ಸರ್ಚ್ ಎಂಜಿನ್‌ಗಳು ಬರುವುದು ಬೇಡ ಎಂದು ಹಾಕಿದ್ದ ಒಂದು ಟಿಕ್ ಹಾಗೇ ಉಳಿದಿತ್ತು. ವರ್ಡ್‌ಪ್ರೆಸ್‌ನಲ್ಲಿ ಅದು ಸೆಟ್ಟಿಂಗ್ಸ್‌ನ ರೀಡಿಂಗ್ ವಿಭಾಗದಲ್ಲಿದೆ. ಮುಂದಿನ ಸಾಲು ಓದುವ ಮೊದಲು ಹೋಗಿ ನೋಡಿ ಬನ್ನಿ.

ಬಂದಿರಾ? ಈಗ ಗೂಗಲ್ ಸರ್ಚ್ ಕನ್ಸೋಲ್, ಅಂದರೆ ನಿಮ್ಮ ಸೈಟ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್‌ನದೇ ಸಾಧನ. ಇದಕ್ಕೂ ದುಡ್ಡಿಲ್ಲ. ಸೈಟ್ ನಿಮ್ಮದೇ ಎಂದು ವೆರಿಫೈ ಮಾಡಿಸಬೇಕು, ಅದಕ್ಕೆ ಮಾಲೀಕರ ಲಾಗಿನ್ ಬೇಕಾಗುತ್ತದೆ. ಇವತ್ತೇ ಕೇಳಿ. ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಒಂದೊಂದೇ ಪುಟದ ವಿಳಾಸ ಹಾಕಿದರೆ ಅದು ಇಂಡೆಕ್ಸ್ ಆಗಿದೆಯೋ ಇಲ್ಲವೋ, ಇಲ್ಲದಿದ್ದರೆ ಯಾಕಿಲ್ಲ ಎಂದು ತಿಳಿಯುತ್ತದೆ. ಪರ್ಫಾರ್ಮೆನ್ಸ್ ವರದಿಯಲ್ಲಿ ಜನ ಯಾವ ಪದ ಹುಡುಕಿದಾಗ ನಿಮ್ಮ ಸೈಟ್ ಕಂಡಿತು, ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿದರು ಎಂಬ ಲೆಕ್ಕ 16 ತಿಂಗಳವರೆಗೂ ಸಿಗುತ್ತದೆ.

ಇನ್ನು ನಿಮ್ಮ ಕೆಲಸದ ತಿರುಳಿಗೆ ಬರೋಣ. ನೀವು ಮಾರುವುದನ್ನು ಕೊಳ್ಳುವವರು ಏನೆಂದು ಕರೆಯುತ್ತಾರೆ? ಡಬ್ಬದ ಮೇಲೆ 'ಪ್ರೀಮಿಯಂ ರೆಡ್ ಚಿಲ್ಲಿ ಪೌಡರ್' ಎಂದಿರಬಹುದು. ನಿಮ್ಮ ಊರಿನವರಿಗೆ ಅದು ಖಾರಪುಡಿ, ಮೈಸೂರಿನ ಅಡುಗೆಮನೆಯಲ್ಲಿ ಅಚ್ಚಖಾರದ ಪುಡಿ. ಮೆಣಸಿನ ಪುಡಿ ಎಂದಷ್ಟೇ ಬರೆದರೆ ಮಲೆನಾಡಿನವರು ಕಾಳುಮೆಣಸಿನ ಪುಡಿಯೇ ಎಂದು ಕೇಳಿಯಾರು. ನಿಮ್ಮ ಕಡೆ ಮಸಾಲೆ ಖಾರ ಎನ್ನುವುದು ಬೇರೆಯದೇ ಪದಾರ್ಥ, ಅದನ್ನು ಹುಡುಕಿ ಬಂದವರಿಗೆ ಬರಿ ಮೆಣಸಿನ ಪುಡಿ ತೋರಿಸಿದರೆ ತಕ್ಷಣ ವಾಪಸ್ ಹೋಗುತ್ತಾರೆ. ಬೆಳಗಾವಿ ದಾಟಿದರೆ ಬ್ಯಾಡಗಿಯೇ ಬೇಡಗಿ ಮಿರ್ಚಿ ಆಗುತ್ತದೆ. ಇವನ್ನೇ ಕನ್ನಡದಲ್ಲಿ ಟೈಪ್ ಮಾಡುವವರಿದ್ದಾರೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರಿದ್ದಾರೆ, ಬ್ಯಾಡಗಿಯ ಸ್ಪೆಲಿಂಗ್ ಅನ್ನೇ ಎರಡು ಮೂರು ಥರ ಹೊಡೆಯುವವರಿದ್ದಾರೆ. ಕೀವರ್ಡ್ ರಿಸರ್ಚ್ ಎಂದು ದೊಡ್ಡ ಹೆಸರಿಟ್ಟಿರುವುದು ಈ ಪದಗಳನ್ನು ಹುಡುಕಿ ತೆಗೆಯುವುದಕ್ಕೇ.

ಇದಕ್ಕೆ ದುಬಾರಿ ಟೂಲ್ ಬೇಕಿಲ್ಲ. ನಿಮ್ಮಲ್ಲಿ ಫೋನ್ ಆರ್ಡರ್ ಬರೆದುಕೊಳ್ಳುವವರ ಪಕ್ಕ ಎರಡು ದಿನ ಕೂತುಕೊಳ್ಳಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಆ ಕಡೆಯವರು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. 'ಬಣ್ಣ ಬರಬೇಕ್ರಿ, ಖಾರ ಕಮ್ಮಿ ಇರಬೇಕು', 'ಇದು ಡಬ್ಬೀನೋ ಕಡ್ಡೀನೋ?' (ಇವು ಬ್ಯಾಡಗಿಯ ಎರಡು ಬಗೆ), 'ವರ್ಷ ಪೂರ್ತಿ ಇಟ್ಟರೆ ಬಣ್ಣ ಹೋಗತೈತೇನು?' ಇಂಥ ಮಾತುಗಳು ಸಿಗುತ್ತವೆ. ಅವುಗಳಲ್ಲಿ ಒಂದೊಂದೂ ಒಂದು ಪುಟ. ಅದೇ ಮಾತುಗಳನ್ನು ಗೂಗಲ್‌ನಲ್ಲಿ ಟೈಪ್ ಮಾಡುತ್ತಾ ಹೋದರೆ ಕೆಳಗೆ ತಾನಾಗಿ ಮೂಡುವ ಸಲಹೆಗಳಿಂದ ಇನ್ನಷ್ಟು ಸಿಗುತ್ತವೆ.

ಪುಟ ಬರೆಯುವಾಗ ನಿಮ್ಮ ಹತ್ತಿರ ಮಾತ್ರ ಇರುವುದನ್ನು ಹಾಕಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಬಂತು ಎಂದು ಎಲ್ಲರೂ ಬರೆದಿರುತ್ತಾರೆ. ಗಿಡ್ಡಗೆ, ದಪ್ಪಗೆ ಇರುವ ಡಬ್ಬಿಯನ್ನೂ ಉದ್ದಕ್ಕೆ, ಸಪೂರಕ್ಕೆ ಇರುವ ಕಡ್ಡಿಯನ್ನೂ ಒಂದೇ ಅಂಗೈಯಲ್ಲಿ ಇಟ್ಟು ತೆಗೆದ ಫೋಟೊ ನಿಮ್ಮಿಂದ ಮಾತ್ರ ಸಾಧ್ಯ. ತೊಟ್ಟು ಬಿಡಿಸಿ ಕುಟ್ಟುತ್ತೀರಾ, ಬೀಜ ಎಷ್ಟು ಬಿಡುತ್ತೀರಾ ಎಂದು ಗಿರಣಿಯಲ್ಲಿ ನಿಂತು ಕೇಳಿ ಬರೆಯಿರಿ. ಬರಹದ ಹಿಂದೆ ನೇರ ಅನುಭವ ಇದೆಯೇ ಎಂಬುದನ್ನೂ ನೋಡಬೇಕು ಎಂದು ಗೂಗಲ್ 2022ರ ಡಿಸೆಂಬರ್‌ನಲ್ಲಿ ತನ್ನ ಗುಣಮಟ್ಟದ ಮಾರ್ಗಸೂಚಿಗೆ ಸೇರಿಸಿದೆ. ಆ ಅನುಭವ ನಿಮ್ಮ ಕಂಪನಿಯ ಗಿರಣಿಯಲ್ಲೇ ಇದೆ.

ಪ್ರತಿ ಪುಟಕ್ಕೂ ಬೇರೆ ಬೇರೆ ಟೈಟಲ್, ಅಂದರೆ ಹುಡುಕಾಟದ ಫಲಿತಾಂಶದಲ್ಲಿ ಕಾಣುವ ಶೀರ್ಷಿಕೆ, ಇರಲಿ. ಎಲ್ಲದಕ್ಕೂ ಕಂಪನಿಯ ಹೆಸರು, ಹೋಮ್ ಎಂದು ಇದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಪುಟದ ಕೋಡಿನೊಳಗಿನ ಮೆಟಾ ಕೀವರ್ಡ್ಸ್ ಎಂಬ ಜಾಗದಲ್ಲಿ ಪದ ತುಂಬುತ್ತಾ ಕೂರಬೇಡಿ, ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ. ಪುಟವನ್ನು ನಿಮ್ಮ ಮೊಬೈಲಿನಲ್ಲಿ ತೆರೆದು ನೋಡಿ, ಗೂಗಲ್ ಕೂಡ ಈಗ ಮೊಬೈಲ್ ರೂಪವನ್ನೇ ನೋಡುತ್ತದೆ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಂಡರೆ ಚೆನ್ನ. ಸಣ್ಣ ಸೈಟುಗಳಲ್ಲಿ ತಡವಾಗುವುದು ಹೆಚ್ಚಾಗಿ ಕ್ಯಾಮೆರಾದಿಂದ ನೇರ ತಂದು ಹಾಕಿದ ಭಾರೀ ಫೋಟೊಗಳಿಂದ.

ಕನ್ನಡ ಸೈಟುಗಳಲ್ಲಿ ಕಾಣುವ ಒಂದು ತೊಂದರೆ ಇದೆ, ನನಗೆ ಬಹಳ ನೋವು ಕೊಡುವಂಥದ್ದು. ಕಂಪನಿಯ ಹಳೆಯ ಕರಪತ್ರ, ಬೆಲೆಪಟ್ಟಿಗಳನ್ನು ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿರುತ್ತಾರೆ. ಆ ಫಾಂಟ್ ಹಾಕಿದಾಗ ಕಣ್ಣಿಗೆ ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಅದು ಸರ್ಚ್ ಎಂಜಿನ್‌ಗೆ ಕನ್ನಡವೇ ಅಲ್ಲ. ಕೆಲವರು ಅದರ ಸ್ಕ್ರೀನ್‌ಶಾಟ್ ತೆಗೆದು ಚಿತ್ರವಾಗಿ ಹಾಕುತ್ತಾರೆ, ಆಗಲೂ ಪುಟದಲ್ಲಿ ಒಂದು ಅಕ್ಷರ ಪಠ್ಯವಿಲ್ಲ. ಚೆಂದದ ಕನ್ನಡ ಬರೆದೂ ಯಾರಿಗೂ ಸಿಗದೆ ಹೋಗುವುದು ಹೀಗೆ. ಎಲ್ಲವನ್ನೂ ಕನ್ವರ್ಟರ್‌ನಲ್ಲಿ, ಕಂಪ್ಯೂಟರ್‌ಗಳು ಕನ್ನಡವೆಂದೇ ಓದುವ ಯೂನಿಕೋಡ್‌ಗೆ ಬದಲಿಸಿ, ಬದಲಾದ ಮೇಲೆ ಒತ್ತಕ್ಷರಗಳನ್ನೆಲ್ಲ ಒಮ್ಮೆ ಓದಿ ಸರಿಮಾಡಿ.

ಮೂರು ತಿಂಗಳ ಗಡುವಿನ ಬಗ್ಗೆ ಮಾಲೀಕರ ಹತ್ತಿರ ನಿಜವನ್ನೇ ಹೇಳಿ. ಕೆಲವು ಬದಲಾವಣೆಯ ಫಲ ಗಂಟೆಗಳಲ್ಲಿ ಕಾಣಬಹುದು, ಕೆಲವಕ್ಕೆ ತಿಂಗಳುಗಳೇ ಬೇಕು ಎನ್ನುತ್ತದೆ ಗೂಗಲ್. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದೂ ಹೇಳುತ್ತದೆ. ಬರಿ ಮಾತಿನಲ್ಲಿ ಹೇಳಿದರೆ ನೆಪ ಅನ್ನಿಸೀತು. ಹಾಗಾಗಿ ಇವತ್ತಿನ ಸರ್ಚ್ ಕನ್ಸೋಲ್ ಅಂಕಿಗಳನ್ನು ತೆಗೆದಿಟ್ಟುಕೊಂಡು, ತಿಂಗಳಿಗೊಮ್ಮೆ ಹೊಸ ಅಂಕಿಗಳ ಪಕ್ಕ ಇಟ್ಟು ತೋರಿಸಿ. ಅವರಿಗೆ ತೋರಿಸುವ ಮುಂಚೆ ನೀವೊಂದು ಸಾಲು ಹುಡುಕಿ: ನೂರಾರು ಸಲ ಕಾಣಿಸಿಕೊಂಡೂ ಯಾರೂ ಒತ್ತದ ಹುಡುಕಾಟ. ಆ ಪದವನ್ನು ನಿಮ್ಮ ನೋಟ್‌ಬುಕ್ಕಿನ ಪಕ್ಕ ಇಡಿ. ಕೇಳುವವರು ಖಾರಪುಡಿ ಎಂದು ಕೇಳುತ್ತಿದ್ದು, ಟೈಟಲ್‌ನಲ್ಲಿ ರೆಡ್ ಚಿಲ್ಲಿ ಪೌಡರ್ ಎಂದೇ ಇದ್ದರೆ ನಾಳೆ ಬೆಳಗ್ಗೆ ಬದಲಿಸಬೇಕಾದ್ದು ಅದನ್ನೇ.