ರಾಣಿಯ ಮುದ್ರೆ ಇದ್ದರೆ ಕೋವಿ ಅಸಲಿಯೇ?

ಹಳೆಯ ಬ್ರಿಟಿಷ್ ಸೇನಾ ಕೋವಿಗಳು: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ. ಇಲ್ಲಿನ ಹರಾಜೊಂದಕ್ಕೆ ಮಾರ್ಟಿನಿ-ಹೆನ್ರಿ ರೈಫಲ್ ಬಂದಿದೆ. ಬಲಬದಿಯಲ್ಲಿ ಕಿರೀಟ, ವಿ.ಆರ್., ಎನ್‌ಫೀಲ್ಡ್, 1879, ಮಾರ್ಕ್ 2 ಎಂಬ ಗುರುತುಗಳಿವೆ. ಬಟ್ (ಹೆಗಲಿಗೆ ಆನಿಸುವ ಮರದ ಭಾಗ) ತಟ್ಟೆಯ ಮೇಲೆ 24 ಎಂಬ ಅಂಕಿ. ಇಸಾಂಡ್ಲ್ವಾನ ಯುದ್ಧದಲ್ಲಿ 24ನೇ ರೆಜಿಮೆಂಟ್ ಬಳಸಿದ್ದು ಎನ್ನುತ್ತಾರೆ. ಫೋಟೊದಲ್ಲಿ ಹೊಚ್ಚ ಹೊಸದರಂತೆ ಹೊಳೆಯುತ್ತಿದೆ. ಅಂದಾಜು ಬೆಲೆ 1,200ರಿಂದ 1,600 ಪೌಂಡ್. ಕೊಳ್ಳಬಹುದೇ? ಮುಂದೆ ಊರಿಗೆ ತರಬಹುದೇ?

ಉತ್ತರ: ಮೊದಲು ಇಸವಿ ನೋಡಿ. ಬ್ರಿಟಿಷರಿಗೂ ಜುಲುಗಳಿಗೂ ಇಸಾಂಡ್ಲ್ವಾನ ಕದನ ನಡೆದದ್ದು 1879ರ ಜನವರಿ 22ರಂದು. 24ನೇ ರೆಜಿಮೆಂಟಿನ ಎರಡೂ ಬೆಟಾಲಿಯನ್‌ಗಳು ಅದಕ್ಕೂ ಮೊದಲೇ ದಕ್ಷಿಣ ಆಫ್ರಿಕದಲ್ಲಿದ್ದವು. 1879ರಲ್ಲಿ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಮುದ್ರೆ ಬಿದ್ದ ಕೋವಿ ತಪಾಸಣೆ ಮುಗಿಸಿ, ಹಡಗು ಹತ್ತಿ, ವಾರಗಟ್ಟಲೆ ಸಮುದ್ರ ದಾಟಿ ಆ ಗುಡ್ಡದ ಬುಡಕ್ಕೆ ಆ ದಿನ ತಲುಪಿರುವ ಮಾತೇ ಇಲ್ಲ. ಹಾಗಾಗಿ ಆ ಕತೆಗೆ ಒಂದು ಪೌಂಡೂ ಕೊಡಬೇಡಿ. ಕೋವಿ ಅಸಲಿಯೇ ಎಂಬುದು ಬೇರೆ ಪ್ರಶ್ನೆ. ಕತೆ ಸುಳ್ಳಾಗಿ ಕೋವಿ ಸಾಚಾ ಆಗಿರುವುದು ತುಂಬ ಸಾಮಾನ್ಯ.

ಹರಾಜಿಗೆ ಮೊದಲು ನೋಡಲು ಬಿಡುವ ದಿನ ಹೋಗಿ. ಹತ್ತು ಪಟ್ಟು ಹಿಗ್ಗಿಸುವ ಮಸೂರ, ಸಣ್ಣ ಟಾರ್ಚ್, ಟೇಪು, ತೆಳ್ಳನೆಯ ಮರದ ಕೋಲು, ಒಂದು ಮಾಮೂಲಿ ಪೆನ್ಸಿಲ್ ಇಟ್ಟುಕೊಳ್ಳಿ. ಲಿವರ್ ಕೆಳಗೆಳೆದು ಗುಂಡಿನ ಮನೆ ಖಾಲಿ ಇದೆಯೇ ಎಂದು ಕಣ್ಣಾರೆ ನೋಡಿದ ಮೇಲೆಯೇ ಉಳಿದದ್ದು.

ಪೆನ್ಸಿಲನ್ನು ನಳಿಗೆಯ ಬಾಯಿಗೆ ಇಳಿಸಿ. ಮಾರ್ಟಿನಿ-ಹೆನ್ರಿಯ ಬೋರು (ನಳಿಗೆಯ ಒಳ ಅಗಲ) .450 ಇಂಚು, ಅಂದರೆ ಸುಮಾರು 11.4 ಮಿ.ಮೀ. ಪೆನ್ಸಿಲ್ ಅದರೊಳಗೆ ಲೊಡಲೊಡ ಅಲ್ಲಾಡಬೇಕು. ಬಿಗಿಯಾಗಿ ಕೂತರೆ ಅದು ಮುಂದೆ .303 ಇಂಚಿನ ಬೋರಿಗೆ ಬದಲಾಯಿಸಿದ ಕೋವಿ. ಬ್ರಿಟನ್ನಿನಲ್ಲಿ ಈ ವ್ಯತ್ಯಾಸ ಕಾನೂನಿನದು ಕೂಡ. ಮಾರ್ಟಿನಿ-ಹೆನ್ರಿಯ .577/450 ತೋಟಾ ಬಳಕೆ ತಪ್ಪಿದ ತೋಟಾಗಳ ಪಟ್ಟಿಯಲ್ಲಿರುವುದರಿಂದ ಆ ಕೋವಿಯನ್ನು ಅಲಂಕಾರಕ್ಕೆ, ಸಂಗ್ರಹಕ್ಕೆ ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳಬಹುದು. .303 ಆ ಪಟ್ಟಿಯಲ್ಲಿಲ್ಲ. .577/450 ಆದರೂ ಹಾರಿಸುವ ಉದ್ದೇಶ ಬಂದ ಕ್ಷಣಕ್ಕೆ ಪ್ರಮಾಣಪತ್ರ ಬೇಕೇ ಬೇಕು.

ನಂತರ ಬ್ಲಾಕ್ (ಗುಂಡಿನ ಮನೆಯನ್ನು ಹಿಂದಿನಿಂದ ಮುಚ್ಚುವ ಲೋಹದ ತುಂಡು) ಮುಚ್ಚಿ, ಮರದ ಕೋಲನ್ನು ಬಾಯಿಯಿಂದ ಇಳಿಸಿ ಗುರುತು ಹಾಕಿ ಅಳೆಯಿರಿ. ಉದ್ದ ರೈಫಲಿನ ನಳಿಗೆ 33 ಇಂಚಿನ ಮೇಲೆ ಚೂರು ಇರುತ್ತದೆ. ಒಂದೆರಡು ಇಂಚು ಕಡಿಮೆ ಬಂದರೆ ಬಾಯಿ ಕತ್ತರಿಸಿದ್ದಾರೆ. ಬ್ಲಾಕ್ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು ಒಳಗಿನ ಗೆರೆಗಳನ್ನು ಎಣಿಸಿ: ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯ ವಿನ್ಯಾಸದಲ್ಲಿ ಅವು ಏಳು.

ಈಗ ಮುದ್ರೆ. ಖೈಬರ್ ಕಣಿವೆಯ ಆಸುಪಾಸಿನ, ಮುಖ್ಯವಾಗಿ ದರ್ರಾ ಆದಂಖೇಲ್‌ನ ಕಮ್ಮಾರಸಾಲೆಗಳು ಅರವನ್ನೇ ಬಂಡವಾಳ ಮಾಡಿಕೊಂಡು ಈ ಕೋವಿಗಳನ್ನು ಕೈಯಲ್ಲೇ ಮಾಡಿ ಹಾಕಿದವು. ಅವರ ಕೈಚಳಕ ಬೆರಗು ಹುಟ್ಟಿಸುವಂಥದ್ದು. ಇಂಗ್ಲಿಷ್ ಅಕ್ಷರ ಮಾತ್ರ ಅವರಿಗೆ ಚಿತ್ರ. ಎನ್‌ಫೀಲ್ಡ್ ಎಂಬುದರ ಎನ್ ತಿರುಗುಮುರುಗಾಗಿರುವುದು, ಒಂದಕ್ಷರ ಬಿಟ್ಟುಹೋಗಿರುವುದು, ಕಿರೀಟ ಕುಂಬಳಕಾಯಿಯಂತಾಗಿರುವುದು ಮೊದಲ ಸುಳಿವುಗಳು. ವಿಕ್ಟೋರಿಯಾ ರಾಣಿಯ ಗುರುತಾದ ವಿ.ಆರ್. ಜೊತೆ 1901ರ ನಂತರದ ಇಸವಿ ಇದ್ದರೆ ಮುಂದೆ ನೋಡುವುದೇ ಬೇಡ, ವಿಕ್ಟೋರಿಯಾ ತೀರಿಕೊಂಡದ್ದು ಆ ವರ್ಷದ ಜನವರಿಯಲ್ಲಿ.

ಕಾಗುಣಿತ ಸರಿಯಿದ್ದರೂ ನೆಚ್ಚಬೇಡಿ. ಟಾರ್ಚನ್ನು ಓರೆಯಾಗಿ ಹಿಡಿದು ಮಸೂರದಲ್ಲಿ ಒಂದೇ ಒಂದು ಅಕ್ಷರ ನೋಡಿ. ಕಾರ್ಖಾನೆಯ ಅಚ್ಚು ಒಂದೇ ಪೆಟ್ಟಿಗೆ ಲೋಹವನ್ನು ಒತ್ತಿ ತಳ್ಳುತ್ತದೆ. ಗೆರೆ ಆಳ, ಅಂಚು ಕರಾರುವಾಕ್ಕು. ಉಳಿಯಿಂದ ಕೊರೆದ ಅಕ್ಷರ ಸಣ್ಣ ಸಣ್ಣ ಕಡಿತಗಳ ಸಾಲಾಗಿ ಕಾಣುತ್ತದೆ, ಆಳ ಅಲ್ಲಲ್ಲಿ ಏರುಪೇರು. ಬಟ್ ತಟ್ಟೆಯ 24 ಅನ್ನೂ ಹೀಗೇ ಪರೀಕ್ಷಿಸಿ. ಹಳೆಯ ಅಂಕಿಯ ತಳದಲ್ಲಿ ಸುತ್ತಲಿನ ಲೋಹದಷ್ಟೇ ಕಪ್ಪು, ಅಷ್ಟೇ ಸವೆತ ಇರಬೇಕು. ಸುತ್ತಲೆಲ್ಲ ತುಕ್ಕಿನ ಗುಳಿ ಇದ್ದು ಅಂಕಿಯ ಅಂಚು ಮಾತ್ರ ಬೆರಳಿಗೆ ಚುಚ್ಚುವಂತಿದ್ದರೆ ಅದು ಇತ್ತೀಚೆಗೆ ಹೊಡೆದದ್ದು. 24 ಎಂಬ ಅಂಕಿ ಬೆಲೆ ಏರಿಸುವುದರಿಂದ ಅದನ್ನು ಹೊಡೆಯುವ ಆಸೆ ಯಾರಿಗೂ ಬಂದೀತು. ಬಿಡಿ 24 ಎಂಬುದು ರೆಜಿಮೆಂಟೇ ಆಗಬೇಕಿಲ್ಲ, ಶಸ್ತ್ರಾಗಾರದ ಸಾಲಿನ ಸಂಖ್ಯೆಯೂ ಇರಬಹುದು.

ಮೂರನೆಯದು, ಭಾಗಗಳು ಒಂದೇ ಕಾಲದವೇ ಎಂಬುದು. 1879ರ ಮಾರ್ಕ್ 2ಕ್ಕೆ, ಅಂದರೆ ಈ ಕೋವಿಯ ಎರಡನೇ ಆವೃತ್ತಿಗೆ, ಗಿಡ್ಡ ಲಿವರ್ ಇರಬೇಕು. ಉದ್ದ ಲಿವರ್ 1880ರ ದಶಕದ ಕೊನೆಗೆ ಬಂದ ಮಾರ್ಕ್ 4ರದ್ದು. ಸುಡಾನಿನ ಮರಳಲ್ಲಿ, ಕಾದ ನಳಿಗೆಯಲ್ಲಿ, ಹಿತ್ತಾಳೆ ತಗಡು ಸುತ್ತಿ ಮಾಡಿದ ತೋಟಾ ಹರಿದು ಸಿಕ್ಕಿಕೊಳ್ಳುತ್ತಿತ್ತು, ಎಳೆದು ತೆಗೆಯಲು ಹೆಚ್ಚು ಮೀಟು ಬೇಕಾಯಿತು. ಇನ್ನು ಮುಂಭಾಗದ ಮರ: ಮಾರ್ಕ್ 2ರಲ್ಲಿ ಅದು ಅಡ್ಡಪಿನ್ನಿನಿಂದ ನಳಿಗೆಗೆ ಕಚ್ಚಿಕೊಂಡಿರುತ್ತದೆ, ಮಾರ್ಕ್ 3ರಿಂದ ರಿಸೀವರಿಗೆ (ಬ್ಲಾಕ್ ಕೂರುವ ಲೋಹದ ಪೆಟ್ಟಿಗೆಗೆ) ಕೊಕ್ಕೆ. ನಿಮ್ಮ ಕೋವಿಯಲ್ಲಿ ಅಡ್ಡಪಿನ್ನು ಕಾಣದಿದ್ದರೆ ಮರ ಬೇರೆಯದು. ಮೊನೆಗೆ ಮೊನೆ ತಾಗಿದ ಎರಡು ಬಾಣಗಳಿದ್ದರೆ ಗಾಬರಿ ಬೇಡ. ಸೇನೆ ಕೋವಿಯನ್ನು ಲೆಕ್ಕದಿಂದ ತೆಗೆದು ಮಾರಿದ್ದರ ಗುರುತು ಅದು. ಬಾಣದ ಕೆಳಗೆ ಇಂಗ್ಲಿಷಿನ ಐ ಇದ್ದರೆ ಭಾರತ ಸರ್ಕಾರದ ಸ್ವತ್ತಾಗಿತ್ತು ಎಂದರ್ಥ.

ನಮಗೆ ಹೆಚ್ಚು ಅನುಮಾನ ಇರುವುದು ಆ ಹೊಳಪಿನ ಮೇಲೆ. ಯಂತ್ರದಲ್ಲಿ ಉಜ್ಜಿ ಮತ್ತೆ ನೀಲಿ ಬಣ್ಣ ಏರಿಸಿದ್ದಾರೆಯೇ ಎಂಬುದು ಮೂರು ಜಾಗದಲ್ಲಿ ಸಿಕ್ಕಿಬೀಳುತ್ತದೆ: ರಿಸೀವರಿನ ಮೂಲೆಗಳು ಸಾಬೂನಿನಂತೆ ದುಂಡಾಗಿರುತ್ತವೆ, ಸ್ಕ್ರೂ ತೂತಿನ ಸುತ್ತ ತಟ್ಟೆಯಂತೆ ತಗ್ಗು ಬಿದ್ದಿರುತ್ತದೆ, ಮರ ಪಕ್ಕದ ಲೋಹಕ್ಕಿಂತ ಕೆಳಗೆ ಇಳಿದಿರುತ್ತದೆ. ಬಟ್‌ನ ಬಲಬದಿಯ ದುಂಡು ಮುದ್ರೆ ಮಸುಕಾಗಿದ್ದರೆ ಮರವನ್ನೂ ಉಜ್ಜಿದ್ದಾರೆ.

ಇವೆಲ್ಲ ಸರಿ ಇದ್ದು, ಕಂದು-ಕಪ್ಪು ಹಳೆಯ ಮೈ ಹಾಗೇ ಉಳಿದಿದ್ದರೆ ಅಂದಾಜಿನ ಬೆಲೆ ಒಪ್ಪಬಹುದು. ಉಜ್ಜಿದ್ದಾದರೆ ನಾವು 900 ಪೌಂಡಿನಾಚೆ ಕೈ ಎತ್ತುವುದಿಲ್ಲ. ಕಮಿಷನ್ ಮರೆಯಬೇಡಿ. ಅದು ಶೇ 25, ಅದರ ಮೇಲೆ ವ್ಯಾಟ್ ಶೇ 20 ಇದ್ದರೆ 1,200ಕ್ಕೆ ಸುತ್ತಿಗೆ ಬಿದ್ದಾಗ ನಿಮ್ಮ ಜೇಬಿನಿಂದ ಹೋಗುವುದು 1,560. ದುಡ್ಡು ಮುಖ್ಯವಾದರೆ ನೇಪಾಳದ ಸರಕನ್ನೂ ಕೇಳಿ ನೋಡಿ. 2003ರಲ್ಲಿ ಕಠ್ಮಂಡುವಿನ ಹಳೆಯ ಅರಮನೆಯ ಆಯುಧಾಗಾರದಿಂದ ಅಮೆರಿಕದ ವ್ಯಾಪಾರಿಗಳು ಕೊಂಡು ತಂದ ರಾಶಿ ಅದು. ಜಿಡ್ಡು ಮೆತ್ತಿ ಕೊಳಕಾಗಿರುತ್ತವೆ, ಕೆಲವಕ್ಕೆ ದೇವನಾಗರಿ ಅಂಕಿ ಇರುತ್ತದೆ, ಆದರೆ ಬಹುಪಾಲು ಬ್ರಿಟಿಷ್ ಕೋವಿಗಳು ಸಾಚಾ. ಹೊರಗಿನಿಂದ ಮಾರ್ಟಿನಿಯಂತೆಯೇ ಕಾಣುವ, ನೇಪಾಳದಲ್ಲೇ ತಯಾರಾದ ಗಹೇಂದ್ರ ಕೋವಿ ಮಾತ್ರ ಬೇರೆಯೇ ಯಂತ್ರ.

ಊರಿಗೆ ತರುವ ವಿಚಾರ ಬಿಟ್ಟುಬಿಡಿ ಎನ್ನುತ್ತೇವೆ. ಅಲ್ಲಿನ ವಿನಾಯಿತಿ ಇಲ್ಲಿ ನಡೆಯದು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ಹಳೆಯ ಆಯುಧವನ್ನು ಹೊರಗಿಡುವುದು, ರಿಪೇರಿ ಮಾಡಿದರೂ ಹಾರಿಸಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ. ಒಳ್ಳೆಯ ಮಾರ್ಟಿನಿ ಆ ಸ್ಥಿತಿಯಲ್ಲಿರುವುದಿಲ್ಲ, ಇದ್ದರೆ ನೀವು ಅಷ್ಟು ದುಡ್ಡು ಕೊಡುತ್ತಿರಲಿಲ್ಲ.

ಪ್ರಶ್ನೆ: ಮಡಿಕೇರಿ ಹತ್ತಿರದ ನಮ್ಮ ಐನ್‌ಮನೆಯಲ್ಲಿ ಮೂರು ಪಟ್ಟಿಯ ಉದ್ದನೆಯ ಕೇಪಿನ ಕೋವಿ ಇದೆ. ಲಾಕಿನ ತಟ್ಟೆಯ ಮೇಲೆ ಕಿರೀಟ, ಟವರ್, 1859 ಎಂದಿದೆ. ನಳಿಗೆಯೊಳಗೆ ಗೆರೆಗಳಿಲ್ಲ, ಆದ್ದರಿಂದ ಇದು ಎನ್‌ಫೀಲ್ಡ್ ಅಲ್ಲ, ನಕಲಿ ಎಂದು ಒಬ್ಬರು ಹೇಳಿದರು. ಆಯುಧ ಪೂಜಿಸುವ ಕೈಲ್‌ಪೊಳ್ದ್‌ ಹಬ್ಬಕ್ಕೆ ಮೊದಲು ಮರಳುಕಾಗದ ಹಾಕಿ, ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿ ಹೊಳಪಿಸಬಹುದೇ?

ಉತ್ತರ: ದಯವಿಟ್ಟು ಎರಡೂ ಬೇಡ. ಗೆರೆ ಇಲ್ಲ ಎಂದ ಮಾತ್ರಕ್ಕೆ ನಕಲಿಯೂ ಅಲ್ಲ. 1857ರ ದಂಗೆಯ ನಂತರ ಭಾರತೀಯ ಸಿಪಾಯಿಗಳ ಕೈಗೆ ಗುರಿಕಾರ ರೈಫಲ್ ಕೊಡಲು ಬ್ರಿಟಿಷರು ಹಿಂದೇಟು ಹಾಕಿದರು. 1853ರ ಎನ್‌ಫೀಲ್ಡ್ ರೈಫಲ್ ಮಾದರಿಯ ರೂಪವನ್ನೇ ಉಳಿಸಿ, ಒಳಗೆ ನುಣುಪಾದ ನಳಿಗೆಯ ಮಸ್ಕೆಟ್ ಹೊರತಂದರು. ಕ್ಯಾಲಿಪರ್‌ನಿಂದ ಬಾಯಿ ಅಳೆಯಿರಿ. ರೈಫಲಿನ ಬೋರು .577 ಇಂಚು, ಅಂದರೆ 14.7 ಮಿ.ಮೀ. ಆಸುಪಾಸು; ಸಿಪಾಯಿಗಳ ನುಣುಪು ನಳಿಗೆ 16.5 ಮಿ.ಮೀ. ಆಸುಪಾಸು. ಗುರಿ ನೋಡುವ ಏಣಿಯ ಬದಲು ನಳಿಗೆಯ ಮೇಲೆ ಬರೀ ಒಂದು ಸಣ್ಣ ಕಟ್ಟೆ ಇದ್ದರೆ ಅದೂ ಇದಕ್ಕೇ ಹೊಂದುತ್ತದೆ. 1859 ಎಂಬ ಇಸವಿಯೂ ತಾಳೆಯಾಗುತ್ತದೆ. ನಕಲಿ ಎಂದವರಿಗೆ ಅಗ್ಗಕ್ಕೆ ಕೊಟ್ಟುಬಿಡಬೇಡಿ.

ಒರೆಸುವ ಮೊದಲು, ಒಳಗೆ ಮದ್ದು ಉಳಿದಿದೆಯೇ ನೋಡಿ. ಬಾಯಿಯ ನೇರದಲ್ಲಿ ಮುಖ ಇಡಬೇಡಿ. ಮರದ ಕೋಲನ್ನು ತಳ ಮುಟ್ಟುವಂತೆ ಮೆಲ್ಲಗೆ ಇಳಿಸಿ ಬಾಯಿಯ ಮಟ್ಟದಲ್ಲಿ ಗುರುತು ಹಾಕಿ, ತೆಗೆದು ನಳಿಗೆಯ ಹೊರಗೆ ಪಕ್ಕದಲ್ಲಿಡಿ. ತುದಿ ಕೇಪು ಕೂರುವ ಮೊಳೆಯ ಹತ್ತಿರ ಬರಬೇಕು. ಎರಡು ಇಂಚು ಈಚೆಗೇ ನಿಂತರೆ ಒಳಗೆ ಈಡು ಇದೆ ಎಂದೇ ತಿಳಿಯಿರಿ. ಕಪ್ಪುಮದ್ದು ಹಳೆಯದಾಯಿತೆಂದು ಸಾಯುವುದಿಲ್ಲ. ಬಿಸಿ ಮಾಡುವುದು, ಕೊರೆಯುವುದು, ಕೇಪು ಇಟ್ಟು ನೋಡುವುದು ಯಾವುದೂ ಬೇಡ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೈಗೆ ಕೊಡಿ.

ಖಾಲಿ ಇದ್ದರೆ, ಉಕ್ಕಿಗೆ ತೆಳ್ಳಗೆ ಮೆಷೀನ್ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಮರುದಿನ ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ. ಕೆಂಪು ತುಕ್ಕು ಎದ್ದಿರುವ ಕಡೆ ಮಾತ್ರ ನಾಲ್ಕು ಸೊನ್ನೆಯ ಉಕ್ಕಿನ ಉಣ್ಣೆಯನ್ನು ಎಣ್ಣೆಯಲ್ಲಿ ಅದ್ದಿ, ಬೆರಳ ತುದಿಯ ಭಾರ ಸಾಕು. ಕಂದು ಬಣ್ಣ ಬಂದ ತಕ್ಷಣ ನಿಲ್ಲಿಸಿ, ಬಿಳಿ ಲೋಹ ಕಂಡರೆ ಹೆಚ್ಚಾಯಿತು. ಮರಕ್ಕೆ ಹಸಿ ಅಗಸೆ ಎಣ್ಣೆ ಎರಡು ಹನಿ, ಅಂಗೈಯಲ್ಲೇ ತಿಕ್ಕಿ. ಹುಣಸೆಯ ಹುಳಿ ಹಿತ್ತಾಳೆಯನ್ನೇನೋ ಬೆಳಗುತ್ತದೆ, ಆದರೆ ಅದರ ರಸ ಬಟ್ ತಟ್ಟೆ ಮತ್ತು ಮರದ ಸಂದಿಗೆ ಇಳಿದು ಮಳೆಗಾಲದಲ್ಲಿ ಹಸಿರು ಕಿಲುಬಾಗಿ ಹೊರಬರುತ್ತದೆ, ಸ್ಕ್ರೂ ಹಿಡಿದುಕೊಳ್ಳುತ್ತದೆ. ಒಣಬಟ್ಟೆ ಸಾಕು. ಪೂಜೆಗೆ ಕೋವಿಗೆ ತೋಕ್‌ಪೂ ಹೂ ಮುಡಿಸುವುದಾದರೆ ಸಂಜೆಯೊಳಗೆ ತೆಗೆದು, ನೀರಿನ ಪಸೆ, ಕುಂಕುಮ ಒರೆಸಿ ಮತ್ತೆ ಎಣ್ಣೆ ಕೈ ಆಡಿಸಿ.

ಕೊಡಗಿನ ಲೈಸೆನ್ಸ್ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ, ಕೋವಿಗಲ್ಲ. ಹೊರಗಿನವರಿಗೆ ಮಾರುವುದಾದರೆ ಕೊಳ್ಳುವವರ ಲೈಸೆನ್ಸ್ ನೋಡಲೇಬೇಕು. ನೂರು ವರ್ಷ ದಾಟಿದ್ದರಿಂದ ದೇಶದಾಚೆ ಕಳಿಸಲು 1972ರ ಪುರಾತನ ವಸ್ತುಗಳ ಕಾಯ್ದೆಯೂ ಅಡ್ಡ ಬರುತ್ತದೆ.

ಪ್ರಶ್ನೆ: ಧಾರವಾಡದ ನಮ್ಮ ಮನೆಯ ಕೋವಿಯ ಮೇಲೆ ಕಿರೀಟ ಮತ್ತು ವಿ.ಆರ್. ಇದೆ. ರಾಣಿ ನಮ್ಮ ಮುತ್ತಜ್ಜನಿಗೆ ಕೊಟ್ಟ ಉಡುಗೊರೆಯೇ?

ಉತ್ತರ: ಅಲ್ಲ. ವಿ.ಆರ್. ಎಂದರೆ ವಿಕ್ಟೋರಿಯಾ ರೆಜಿನಾ, ಲ್ಯಾಟಿನ್‌ನಲ್ಲಿ ವಿಕ್ಟೋರಿಯಾ ರಾಣಿ. ಸರ್ಕಾರಕ್ಕೆಂದು ತಯಾರಾದ ಲಕ್ಷಾಂತರ ಕೋವಿಗಳ ಮೇಲೆ ಅದು ಬಿದ್ದಿದೆ. ಉಡುಗೊರೆಯ ಕೋವಿಯಾದರೆ ಪಡೆದವರ ಹೆಸರು, ಸಂದರ್ಭ, ಇಸವಿ ಕೆತ್ತಿದ ಬೆಳ್ಳಿಯ ಅಥವಾ ಹಿತ್ತಾಳೆಯ ಬಿಲ್ಲೆ ಸಾಮಾನ್ಯವಾಗಿ ಬಟ್‌ನ ಮೇಲೆ ಇರುತ್ತದೆ. ಬಿಲ್ಲೆ ಬಿದ್ದುಹೋಗಿದ್ದರೂ ಅದರ ಆಕಾರದ ಗುಳಿ, ಎರಡು ಸಣ್ಣ ಮೊಳೆ ತೂತು ಮರದಲ್ಲಿ ಉಳಿದಿರುತ್ತವೆ. ಒಮ್ಮೆ ಬೆರಳಾಡಿಸಿ ನೋಡಿ.